ಬೇಡವಂತೆ

ಹಲ್ಲುಜ್ಜುತ್ತ ನಿಂತಿದ್ದಾಗ, ಹಿಂದಿನ ದಿನ ತನ್ನ ಮಾತಿನಿಂದ ಎರಡಕ್ಷರ ಉದುರಿಹೋಗಿದ್ದು ಅವಳ ಗಮನಕ್ಕೆ ಬಂತು. ಫೋನಿನಲ್ಲಿ ಡಾಕ್ಟರು, "ಏನು ತೀರ್ಮಾನ ಮಾಡಿದ್ರಿ?" ಎಂದು ಕೇಳಿದ್ದರು. ಅಮ್ಮ ಆಗಷ್ಟೇ ಅಪ್ಪನ ಕೋಣೆಯಿಂದ ಹೊರಗೆ ಬಂದು, ಒದ್ದೆ ಕೈಯನ್ನು ಟವೆಲಿಗೆ ಒರೆಸಿಕೊಳ್ಳುತ್ತ, "ಬೇಡವಂತೆ ಕಣೆ" ಎಂದಿದ್ದಳು. ಅವಳು ಫೋನಿಗೆ, "ಅವರಿಗೆ ಬೇಡ ಡಾಕ್ಟ್ರೇ" ಎಂದಿದ್ದಳು. ಬೇಡವಂತೆ ಎನ್ನುವುದು ಒಂದು ಬಾಯಿಂದ ಇನ್ನೊಂದು ಬಾಯಿಗೆ ದಾಟುವಷ್ಟರಲ್ಲಿ ಬೇಡ ಆಗಿತ್ತು. ಡಾಕ್ಟರು, "ಅವರೇ ಹೇಳಿದ್ರಾ?" ಎಂದು ಕೇಳಿದಾಗ ಅವಳು ಹೂಂ ಎಂದಿದ್ದಳು. ಆ ಹೂಂ ಎಷ್ಟು ಸಲೀಸಾಗಿ ಬಂದಿತ್ತೆಂದರೆ, ಹೇಳಿದ ಮೇಲೆ ಅವಳು ಒಲೆ ಆರಿಸಿ, ತಟ್ಟೆ ತೊಳೆದು, ಮರುದಿನದ ಬಟ್ಟೆ ತೆಗೆದಿಟ್ಟು ಮಲಗಿ ನಿದ್ದೆಯನ್ನೂ ಮಾಡಿದ್ದಳು. ಈಗ ಬಾಯಿತುಂಬ ನೊರೆ ಇಟ್ಟುಕೊಂಡು ಕನ್ನಡಿ ನೋಡಿದರೆ, ಏನೋ ಹೇಳಲು ಹೊರಟು ತಡೆದುಕೊಂಡ ಹೆಂಗಸಿನ ಮುಖ ಕಾಣುತ್ತಿತ್ತು. ತಾನು ಹೇಳಿದ್ದು ಸುಳ್ಳೇನಲ್ಲ. ಅಪ್ಪನಿಗೆ ಬೇಡವೆಂದು ಅಮ್ಮ ಹೇಳಿದ್ದಳು, ಅಮ್ಮ ಸುಳ್ಳು ಹೇಳುವವಳಲ್ಲ. ಆದರೂ ಅವಳು ಬಾಯಿ ಮುಕ್ಕಳಿಸಿ ಉಗುಳಿ, ನಲ್ಲಿಯನ್ನು ಬೇಕಾದ್ದಕ್ಕಿಂತ ಹೆಚ್ಚು ಹೊತ್ತು ಬಿಟ್ಟುಕೊಂಡು ನಿಂತಳು.

ಅಪ್ಪನಿಗೆ ಲಕ್ವ ಹೊಡೆದು ಒಂದೂವರೆ ವರ್ಷವಾಗಿತ್ತು. ಬಲಗೈ ಬಲಗಾಲು ಸೋತವು, ಮಾತು ಹೋಯಿತು. ಪೂರ್ತಿ ಹೋಗಲಿಲ್ಲ, ಒಂದು ಮಾತು ಉಳಿಯಿತು. ಹೋಗ್ಲಿ. ಶಾಲೆಯಲ್ಲಿ ಡ್ರಿಲ್ ಮಾಸ್ತರಾಗಿದ್ದಾಗ ಮೈದಾನದ ಆಚೆ ತುದಿಗೂ ಕೇಳುವಂತೆ ಎಡ, ಬಲ ಎಂದು ಕೂಗುತ್ತಿದ್ದ ಮನುಷ್ಯನ ಗಂಟಲಲ್ಲಿ ಉಳಿದುಕೊಂಡದ್ದು ಆ ಕೂಗಲ್ಲ. ಹುಡುಗರು ತಪ್ಪು ಮಾಡಿ ಸಿಕ್ಕಿಬಿದ್ದಾಗ, ಪಕ್ಕದವರು ಗೋಡೆಯನ್ನು ಇತ್ತ ಒಂದು ಮೊಳ ಸರಿಸಿ ಕಟ್ಟಿದಾಗ, ತನಗೆ ಬರಬೇಕಾದ ಬಡ್ತಿ ಇನ್ನೊಬ್ಬರಿಗೆ ಹೋದಾಗ ಅವರು ಹೇಳುತ್ತಿದ್ದ ಮಾತು. ಹೋಗ್ಲಿ ಬಿಡು. ಈಗ ಬಿಡು ಎನ್ನುವುದೂ ಬಿಟ್ಟುಹೋಗಿ ಬರೀ ಹೋಗ್ಲಿ. ನೀರು ಬೇಕೆಂದರೂ ಹೋಗ್ಲಿ, ಟಿವಿ ಸದ್ದು ಜಾಸ್ತಿಯಾದರೂ ಹೋಗ್ಲಿ, ಶೌಚಕ್ಕೆ ಅವಸರವಾದರೂ ಹೋಗ್ಲಿ. ಅದನ್ನು ಬಿಡಿಸಿ ಹೇಳುವವಳು ಅಮ್ಮ. "ಕಿಟಕಿ ಹಾಕ್ಬೇಕಂತೆ," "ಆ ಪೇಪರ್ ನಿನ್ನೆದಂತೆ," "ನೀನು ಇನ್ನೂ ತಿಂದಿಲ್ವಾ ಅಂತ ಕೇಳ್ತಿದಾರೆ." ಆಸ್ಪತ್ರೆಯಲ್ಲಿ, ನೆಂಟರ ಎದುರು, ಫೋನಿನಲ್ಲಿ, ಎಲ್ಲ ಕಡೆ ಅಮ್ಮ ಅಪ್ಪನ ಬಾಯಾದಳು. ಎಲ್ಲರೂ ಮೆಚ್ಚಿಕೊಂಡರು: ಎಷ್ಟು ಚೆನ್ನಾಗಿ ಅರ್ಥ ಮಾಡ್ಕೋತಾರೆ ನೋಡಿ. ಅವಳೂ ಮೆಚ್ಚಿಕೊಂಡಿದ್ದಳು. ಮೆಚ್ಚಿಕೊಂಡು, ನಿಧಾನಕ್ಕೆ, ಅದು ಯಾವಾಗಿನಿಂದ ಎಂದು ಅವಳಿಗೇ ಗೊತ್ತಿಲ್ಲದ ಹಾಗೆ, ಅಪ್ಪನ ಜೊತೆ ಮಾತಾಡುವುದನ್ನು ನಿಲ್ಲಿಸಿದ್ದಳು. ಆಫೀಸಿನಿಂದ ಬಂದು ಬಾಗಿಲಲ್ಲಿ ನಿಂತು, "ಅಪ್ಪ ಮಾತ್ರೆ ತಗೊಂಡ್ರಾ ಅಮ್ಮಾ?" ಎಂದು ಕೇಳುವಾಗ ಅಪ್ಪ ಮೂರಡಿ ದೂರದಲ್ಲಿ, ಕಣ್ಣು ಬಿಟ್ಟುಕೊಂಡು, ಕಿವಿ ಸರಿಯಾಗಿ ಕೇಳುವ ಸ್ಥಿತಿಯಲ್ಲಿ ಮಲಗಿರುತ್ತಿದ್ದರು.

ಈಗ ಬಲಗಾಲಿನ ಹೆಬ್ಬೆರಳು ಕಪ್ಪಾಗಿತ್ತು. ಸಕ್ಕರೆ ಕಾಯಿಲೆಯ ಹಳೇ ಹುಣ್ಣು. ಕಪ್ಪು ಬೆರಳಿನಿಂದ ಪಾದಕ್ಕೆ ಹತ್ತುತ್ತಿತ್ತು. "ಈಗಲೇ ಬಂದ್ರೆ ಅರ್ಧ ಪಾದಕ್ಕೆ ನಿಲ್ಲಿಸಬಹುದು, ತಡ ಮಾಡಿದ್ರೆ ನನ್ನ ಕೈಲಿಲ್ಲ," ಎಂದು ಡಾಕ್ಟರು ಹೇಳಿ ಕಳಿಸಿದ್ದರು. ಅಪ್ಪನನ್ನು ಕೇಳಿ ತಿಳಿಸಿ ಎಂದೂ ಹೇಳಿದ್ದರು. ಅಪ್ಪನನ್ನು ಕೇಳಿ ಎಂದರೆ ಅಮ್ಮನನ್ನು ಕೇಳಿ ಎಂದೇ ಮನೆಯಲ್ಲಿ ಅರ್ಥ.

ಬಸ್ಸಿನಲ್ಲಿ ಕಿಟಕಿಯ ಪಕ್ಕ ಸೀಟು ಸಿಕ್ಕಿತು. ಅವಳ ಎದುರಿನ ಸೀಟಿನಲ್ಲಿ ಒಬ್ಬ ಗಂಡಸು ನಿದ್ದೆಹೋಗಿ, ತಲೆ ಗಾಜಿಗೆ ತಾಕಿದಾಗಲೆಲ್ಲ ಎಚ್ಚರಾಗಿ, ಯಾರಾದರೂ ನೋಡಿದರೇ ಎಂದು ಸುತ್ತ ನೋಡಿ ಮತ್ತೆ ನಿದ್ದೆಹೋಗುತ್ತಿದ್ದ. ಅವನ ಪಾಲಿನ ನಾಚಿಕೆಯನ್ನು ಅವಳೇ ಪಟ್ಟುಕೊಂಡು ಮುಖ ಹೊರಗೆ ತಿರುಗಿಸಿದಳು. ಹತ್ತು ಗಂಟೆಯ ಸಭೆ ನೆನಪಾಯಿತು. ಸಭೆಯಲ್ಲಿ ತಾನು ಹೇಳಬೇಕಾದ್ದನ್ನು ಮನಸ್ಸಿನಲ್ಲೇ ಜೋಡಿಸಿಕೊಳ್ಳತೊಡಗಿದಳು. ಅದೊಂದು ನೆಮ್ಮದಿ, ಆ ಮಾತುಗಳು ಎಲ್ಲಿಂದ ಎಲ್ಲಿಗೆ ಹೋಗುತ್ತವೆ ಎಂದು ಅವಳಿಗೆ ಸ್ಪಷ್ಟವಾಗಿ ಗೊತ್ತಿತ್ತು. ಅವರ ಕಂಪನಿಯ ಗಿರಾಕಿ ಒಂದು ರಕ್ತನಿಧಿ. ಅಲ್ಲಿ ರಕ್ತದ ಚೀಲಗಳನ್ನಿಡುವ ತಣ್ಣನೆಯ ಕಪಾಟುಗಳು ಸಾಲಾಗಿ ನಿಂತಿವೆ. ಅವಳು ಬರೆದ ಫೈಲ್‌ಸಿಸ್ಟಮ್, ಕಂಪ್ಯೂಟರಿನ ತೆರೆಯ ಮೇಲೆ ಒಂದೊಂದು ಕಪಾಟನ್ನೂ ಒಂದೊಂದು ಫೈಲಿನ ಹಾಗೆ ತೋರಿಸುತ್ತದೆ. ತೆರೆದು ಓದಿದರೆ ಒಳಗಿನ ಶಾಖ ಎಷ್ಟೆಂದು ಬರುತ್ತದೆ. ಓದುವುದು ಬರೆಯುವುದು ಎರಡೇ ಆಗಿದ್ದರೆ ತೊಂದರೆಯಿರಲಿಲ್ಲ. ಆದರೆ ಕಪಾಟಿಗೆ ಅಪ್ಪಣೆಗಳೂ ಇವೆ: ಬಾಗಿಲಿಗೆ ಬೀಗ ಹಾಕು, ಶಾಖ ಏರಿದರೆ ಎಚ್ಚರಿಕೆ ಗಂಟೆ ಹೊಡಿ. ಇವು ಓದುವುದೂ ಅಲ್ಲ, ಬರೆಯುವುದೂ ಅಲ್ಲ; ಪಕ್ಕದ ಬಾಗಿಲಿನಿಂದ ಹೋಗುವ ಕೋರಿಕೆಗಳು. ರಕ್ತನಿಧಿಯವರು ಗುಂಡಿ ಒತ್ತಿದರೆ ಕೋರಿಕೆ ಮೊದಲು ಕರ್ನೆಲ್ಲಿಗೆ ಹೋಗಬೇಕು. ಕರ್ನೆಲ್ ಇಡೀ ಯಂತ್ರದ ಯಜಮಾನ, ಆದರೆ ಕಪಾಟಿನ ವಿಷಯ ಅದಕ್ಕೆ ಗೊತ್ತಿಲ್ಲ. ಕೋರಿಕೆಯ ಮೇಲೆ ಒಂದು ಸಂಖ್ಯೆಯಿರುತ್ತದೆ, ಆ ಸಂಖ್ಯೆಯಲ್ಲೇ ಎಷ್ಟು ಹೊರೆ, ಯಾವ ಕಡೆಗೆ ಎಂದು ಸೂಚನೆಯಿರುತ್ತದೆ. ಅಷ್ಟನ್ನೇ ಎತ್ತಿಕೊಂಡು, ಒಳಗೇನಿದೆ ಎಂದು ಇಣುಕದೆ, ತನ್ನ ಆವರಣದ ಹೊರಗೆ ಸಾಮಾನ್ಯ ಪ್ರೋಗ್ರಾಮುಗಳ ನಡುವೆ ಕೂತಿರುವ ಅವಳ ಫೈಲ್‌ಸಿಸ್ಟಮ್ಮಿಗೆ ಒಪ್ಪಿಸುತ್ತದೆ. ಅದು ಉತ್ತರ ಕೊಡುವವರೆಗೆ ಕಾಯುತ್ತದೆ. ಕೊಟ್ಟ ಉತ್ತರವನ್ನು ಹಾಗೇ ವಾಪಸು ತಂದು ಕೇಳಿದವರ ಕೈಗಿಡುತ್ತದೆ. ಒಂದಕ್ಷರ ಹೆಚ್ಚಿಲ್ಲ, ಒಂದಕ್ಷರ ಕಡಿಮೆಯಿಲ್ಲ. ಹೊಸಬರಿಗೆ ಇದನ್ನು ಕಲಿಸುವಾಗ ಅವಳಿಗೆ ಪ್ರತಿಸಲವೂ ಒಂದು ಬಗೆಯ ಹೆಮ್ಮೆಯಾಗುತ್ತಿತ್ತು. ಇವತ್ತು ಬಸ್ಸಿನಲ್ಲಿ ಆಗಲಿಲ್ಲ.

ತೊಂದರೆ ಇದ್ದದ್ದು ಅವಳ ಕಡೆಯಲ್ಲೇ. ರಕ್ತನಿಧಿಗೆ ಹೊಸ ಕಪಾಟುಗಳು ಬಂದಿದ್ದವು, ಬೇರೆ ತಯಾರಕರವು. ಗಂಟೆ ಹೊಡಿ ಎನ್ನುವ ಹಳೆಯ ಅಪ್ಪಣೆ ಅವುಗಳಿಗೆ ತಿಳಿಯುತ್ತಿರಲಿಲ್ಲ. ತಿಳಿಯದ ಅಪ್ಪಣೆ ಬಂದಾಗ ಫೈಲ್‌ಸಿಸ್ಟಮ್ ಏನು ಮಾಡಬೇಕು? ಆ ಪ್ರೋಗ್ರಾಮಿನಲ್ಲಿ ಒಂದು ಹಳೆಯ ಸಾಲಿತ್ತು: ಗೊತ್ತಿಲ್ಲದ್ದು ಯಾವುದೇ ಬಂದರೂ ಆಯ್ತು ಎಂದು ಹೇಳಿ ಕಳಿಸು. ಹಾಗಾಗಿ ರಕ್ತನಿಧಿಯ ತೆರೆಯ ಮೇಲೆ ಎಲ್ಲ ಕಪಾಟುಗಳ ಎದುರೂ ಹಸಿರು ಚುಕ್ಕೆ, ಗಂಟೆ ಸಿದ್ಧ ಎಂದು. ಹೊಸ ಕಪಾಟುಗಳಲ್ಲಿ ಗಂಟೆ ಸಿದ್ಧವಾಗಿರಲಿಲ್ಲ. ಒಳಗಿನ ಯಂತ್ರ ಕೆಟ್ಟು ಕಪಾಟು ಬಿಸಿಯಾದರೆ ಯಾರಿಗೂ ಗೊತ್ತಾಗದೆ ರಕ್ತ ಕೆಡುತ್ತಿತ್ತು. ಆ ಸಾಲನ್ನು ಬರೆದವನು ಇಸ್ತ್ರಿ, ಅವನು ಹೊಸದಾಗಿ ಸೇರಿದ್ದಾಗ. ನೋಡಿ ಸರಿಯಿದೆ ಎಂದವಳು ಅವಳೇ. ಈಗ ಇಸ್ತ್ರಿ ತಂಡದ ಮುಖ್ಯಸ್ಥ. ಅಂಗಿಯ ಮೇಲೆ ಒಂದು ಸುಕ್ಕೂ ಕಾಣದ ಕಾರಣಕ್ಕೆ ಆ ಹೆಸರು, ಅವನಿಗೂ ಅದು ಗೊತ್ತಿತ್ತು, ಬೇಸರವಿರಲಿಲ್ಲ. ಅವಳು ಹೊಸ ಸಾಲು ಬರೆದಿಟ್ಟಿದ್ದಳು: ಗೊತ್ತಿಲ್ಲದ್ದು ಬಂದರೆ ಗೊತ್ತಿಲ್ಲ ಎಂದೇ ಹೇಳು. ಅದಕ್ಕೆಂದೇ ಹಳೆಯ ಕಾಲದ ಒಂದು ಉತ್ತರವಿದೆ. ತಂತಿಯ ತುದಿಯಲ್ಲಿ ಟೈಪ್‌ರೈಟರಿನಂಥ ಯಂತ್ರಗಳು ಕೂತಿರುತ್ತಿದ್ದ ಕಾಲದ್ದು. ಅದನ್ನು ಮಾತಿನಲ್ಲಿ ಹೇಳಿದರೆ 'ಇದು ಟೈಪ್‌ರೈಟರ್ ಅಲ್ಲ' ಎಂದಾಗುತ್ತದೆ. ನೀವು ನನ್ನನ್ನು ಬೇರೆ ಯಾರೋ ಅಂದುಕೊಂಡು ಕೇಳುತ್ತಿದ್ದೀರಿ, ಕ್ಷಮಿಸಿ. ಅವಳಿಗೆ ಆ ಉತ್ತರ ಮೊದಲಿನಿಂದ ಇಷ್ಟ.

ಸಭೆಯ ಕೋಣೆಯಲ್ಲಿ ಎಸಿ ಜಾಸ್ತಿಯಾಗಿ ಎಲ್ಲರೂ ಕೈಕಟ್ಟಿ ಕೂತಿದ್ದರು. ಇಸ್ತ್ರಿ ಅವಳು ಬರೆದದ್ದನ್ನು ಗೋಡೆಯ ಮೇಲೆ ತೋರಿಸಿ, "ಇದನ್ನ ಈಗ ಹಾಕಿದ್ರೆ ಏನಾಗುತ್ತೆ?" ಎಂದು ಕೇಳಿದ.

"ಹೊಸ ಕಪಾಟುಗಳ ಮುಂದೆ ಕೆಂಪು ಚುಕ್ಕೆ ಬರುತ್ತೆ," ಎಂದಳು.

"ಎಷ್ಟಕ್ಕೆ?"

"ಎಲ್ಲದಕ್ಕೂ."

"ಮುಂದಿನ ವಾರ ಅವರು ನಮ್ಮ ಕೆಲಸ ಒಪ್ಪಿಕೋಬೇಕು. ಅವರ ಮೇಲಿನವರು ಬಂದು ನೋಡೋ ದಿನ ತೆರೆ ತುಂಬ ಕೆಂಪು. ಚೆನ್ನಾಗಿರುತ್ತಲ್ವಾ?"

ಯಾರೋ ನಕ್ಕರು. ಅವಳು, "ಕೆಂಪು ಇರೋದು ನಿಜ ತಾನೇ?" ಎಂದಳು. ಹೇಳಿದ ಮೇಲೆ ತನ್ನ ದನಿ ಪಾಠ ಹೇಳುವವಳ ದನಿಯ ಹಾಗಿತ್ತು ಅನಿಸಿತು. ಇಸ್ತ್ರಿಗೂ ಅನಿಸಿರಬೇಕು. ಅವನು ಮೃದುವಾಗಿ, ಒಂದು ಕಾಲದಲ್ಲಿ ಅವಳ ಮೇಜಿನ ಪಕ್ಕ ಸ್ಟೂಲು ಹಾಕಿಕೊಂಡು ಕೂತು ಕೇಳುತ್ತಿದ್ದಷ್ಟೇ ಮೃದುವಾಗಿ, "ನೋಡಿ, ನೀವು ಹೇಳೋದು ಸರೀನೇ. ನೀವು ಯಾವಾಗ್ಲೂ ಸರೀನೇ. ಅದೇ ಕಷ್ಟ ನಮಗೆ," ಎಂದ. ಈ ಸಲ ಎಲ್ಲರೂ ನಕ್ಕರು, ಅವಳೂ ನಕ್ಕಳು. ನಗುವುದು ನಿಂತ ಮೇಲೂ ಅವಳ ತುಟಿ ಸ್ವಲ್ಪ ಹೊತ್ತು ಹಾಗೇ ಇತ್ತು. ಅದನ್ನು ವಾಪಸು ತರುವುದು ಹೇಗೆಂದು ತಿಳಿಯಲಿಲ್ಲ. ಅಷ್ಟರಲ್ಲಿ ರಕ್ತನಿಧಿಯ ಮೇಲ್ವಿಚಾರಕಿಯ ಫೋನು ಬಂತು. ಇಸ್ತ್ರಿ ಎಲ್ಲರಿಗೂ ಕೇಳುವಂತೆ ಅದನ್ನು ಮೇಜಿನ ನಡುವೆ ಇಟ್ಟ. ಆಕೆ ಅದು ಇದು ಕೇಳಿ, ಕೊನೆಗೆ, "ಗಂಟೆ ಎಲ್ಲ ಸರಿಯಿದೆ ತಾನೇ?" ಎಂದರು. "ಎಲ್ಲ ಹಸಿರಿದೆ, ನೀವೇ ನೋಡಿದೀರಲ್ಲ," ಎಂದ ಇಸ್ತ್ರಿ, "ಅದನ್ನ ಬರೆದವರೂ ಇಲ್ಲೇ ಇದಾರೆ," ಎನ್ನುತ್ತ ಅವಳ ಕಡೆ ತಿರುಗಿ ಹುಬ್ಬೇರಿಸಿದ. ಮೇಜಿನ ಸುತ್ತ ಎಲ್ಲರೂ ಅವಳನ್ನು ನೋಡಿದರು. ಅವಳು ಹೂಂ ಎಂದಳು.

ಅದೇ ಹೂಂ. ಹಿಂದಿನ ದಿನ ಡಾಕ್ಟರಿಗೆ ಹೇಳಿದ್ದು ಇದೇ, ಇಷ್ಟೇ ಉದ್ದ, ಇದೇ ಸ್ವರ. ಅವಳು ತನ್ನ ಜಾಗಕ್ಕೆ ಬಂದು ಕೂತಳು. ಅಪ್ಪ, ಕಪಾಟು, ಅಮ್ಮ, ಇಸ್ತ್ರಿ ಎಲ್ಲವೂ ಒಂದಕ್ಕೊಂದು ಅಂಟಿಕೊಂಡು ಮನಸ್ಸಿಗೆ ಬರುತ್ತಿದ್ದವು. ಅವಳಿಗೆ ಅದು ಹಿಡಿಸಲಿಲ್ಲ. ಅಪ್ಪ ಕಪಾಟಲ್ಲ, ಅಮ್ಮ ಯಂತ್ರವಲ್ಲ. ಹೀಗೆ ಹೋಲಿಸಿಕೊಂಡು ಕೂರುವುದು ಒಂದು ಬಗೆಯ ಸೋಮಾರಿತನ, ಮನೆಗೆ ಹೋಗಿ ಅಪ್ಪನ ಎದುರು ನಿಲ್ಲುವುದನ್ನು ತಪ್ಪಿಸಿಕೊಳ್ಳುವ ದಾರಿ. ಕೇಳಬೇಕಾದ್ದು ಒಂದೇ: ಒಂದೂವರೆ ವರ್ಷದಲ್ಲಿ ತಾನು ಅಪ್ಪನನ್ನು ನೇರವಾಗಿ ಏನನ್ನಾದರೂ ಕೇಳಿದ್ದೇನೆಯೇ? ಅವಳು ಹುಡುಕಿದಳು. ಲಕ್ವ ಹೊಡೆದ ವಾರ ಆಸ್ಪತ್ರೆಯಲ್ಲಿ ಕೇಳಿದ್ದಳು, "ಅಪ್ಪಾ, ನಾನು ಯಾರು ಗೊತ್ತಾಯ್ತಾ?" ಎಂದು. ಅಪ್ಪ ಹೋಗ್ಲಿ ಎಂದಿದ್ದರು. ಅವಳು ಅತ್ತುಕೊಂಡು ಹೊರಗೆ ಬಂದಿದ್ದಳು. ಆಮೇಲೆ ಕೇಳಿದ್ದು ನೆನಪಿಗೆ ಬರಲಿಲ್ಲ. ತಲೆನೋವೆಂದು ಪಕ್ಕದವರಿಗೆ ಹೇಳಿ ಚೀಲ ತೆಗೆದುಕೊಂಡು ಎದ್ದಳು. ಊಟದ ಹೊತ್ತಾಗಿತ್ತು, ಲಿಫ್ಟಿನಲ್ಲಿ ಇಸ್ತ್ರಿಯೂ ಬಂದ. "ಬೇಜಾರಾಯ್ತಾ?" ಎಂದು ಕೇಳಿದ. "ಇಲ್ಲಪ್ಪ," ಎಂದಳು. ನೆಲಮಹಡಿ ಬರುವವರೆಗೆ ಇಬ್ಬರೂ ಬಾಗಿಲ ಮೇಲಿನ ಅಂಕಿ ಇಳಿಯುವುದನ್ನು ನೋಡುತ್ತ ನಿಂತರು.

ಮನೆಯಲ್ಲಿ ಅಮ್ಮ ಇರಲಿಲ್ಲ, ಔಷಧಿ ಅಂಗಡಿಗೆ ಹೋಗಿದ್ದಳು. ಅಪ್ಪನ ಕೋಣೆಯಲ್ಲಿ ಫ್ಯಾನು ತಿರುಗುತ್ತಿತ್ತು. ಬ್ಯಾಂಡೇಜಿನ ವಾಸನೆ, ಅದರ ಅಡಿಯಿಂದ ಇನ್ನೊಂದು ವಾಸನೆ. ಅವಳು ಬಾಗಿಲಲ್ಲಿ ನಿಂತಳು, ಅಭ್ಯಾಸಬಲದಿಂದ. ಕೇಳಲು ಅಮ್ಮನಿಲ್ಲದೆ ಅಲ್ಲೇ ನಿಂತಿರುವುದು ಅಸಂಬದ್ಧವಾಗಿ ಕಂಡು ಒಳಗೆ ಬಂದು ಕುರ್ಚಿ ಎಳೆದು ಕೂತಳು. ಅಪ್ಪ ಅವಳನ್ನೇ ನೋಡುತ್ತಿದ್ದರು. ಗಡ್ಡ ಹೆರೆದಿರಲಿಲ್ಲ. ಈ ಹೊತ್ತಿನಲ್ಲಿ ಯಾಕೆ ಬಂದೆ ಎಂದು ಆ ಕಣ್ಣು ಕೇಳುತ್ತಿದೆ ಅನಿಸಿತು. ಹಾಗೆ ಅನಿಸಿದ್ದೇ ತಡ, ಇದೂ ತಾನು ಅವರ ಮುಖದ ಮೇಲೆ ಬರೆಯುತ್ತಿರುವ ಮಾತು ಎಂದು ಹೊಳೆದು ಗಾಬರಿಯಾಯಿತು.

"ಅಪ್ಪಾ," ಎಂದಳು. ಎಷ್ಟೋ ದಿನದಿಂದ ಹಾಕಿಟ್ಟ ಕೋಣೆಯ ಕದ ತಳ್ಳಿದ ಹಾಗೆ ಆ ಮಾತು ಬಿಗಿಯಾಗಿ ಹೊರಗೆ ಬಂತು. "ನಾನು ಒಂದು ವಿಷಯ ಕೇಳ್ಬೇಕು. ನೀವು ಮಾತಾಡೋದು ಬೇಡ." ಅವಳು ತನ್ನ ಎರಡೂ ಕೈಗಳನ್ನು ಅಪ್ಪನ ಎಡಗೈಗೆ ಸಿಗುವಷ್ಟು ಹತ್ತಿರ ಹಾಸಿಗೆಯ ಮೇಲಿಟ್ಟಳು. "ಮೊದಲು ಸುಮ್ನೆ ಒಂದು. ನಾನು ನಿಮ್ಮ ಮಗಳು ಅಂದ್ರೆ ಈ ಕೈ ಹಿಡ್ಕೊಳ್ಳಿ. ನಿಮ್ಮ ಅಕ್ಕ ಅಂದ್ರೆ ಈ ಕೈ."

ಅಪ್ಪ ಆ ಕೈಯನ್ನೊಮ್ಮೆ ಈ ಕೈಯನ್ನೊಮ್ಮೆ ನೋಡಿದರು. ಅವರ ಎಡಗೈ ನಿಧಾನಕ್ಕೆ ಹಾಸಿಗೆಯ ಮೇಲೆ ತೆವಳಿ ಬಂದು ಅಕ್ಕನ ಕೈಯನ್ನು ಹಿಡಿಯಿತು. ಮುಗಿಯಿತು, ಏನೂ ಉಳಿದಿಲ್ಲ ಒಳಗೆ. ತಲೆ ಎತ್ತಿ ನೋಡಿದರೆ ಅಪ್ಪನ ಮುಖದ ಎಡ ಅರ್ಧ ನಗುತ್ತಿತ್ತು. ಹೊಟ್ಟೆ ಅಲ್ಲಾಡುತ್ತಿತ್ತು. ಅತ್ತೆ, ಅಪ್ಪನ ಅಕ್ಕ, ಜೋರಿನ ಹೆಂಗಸು. ಮಗಳೂ ಹಾಗೇ ಆಗುತ್ತಿದ್ದಾಳೆ ಎಂದು ಅಪ್ಪ ಯಾವ ಕಾಲದಿಂದಲೋ ರೇಗಿಸುತ್ತಿದ್ದದ್ದು ಆಮೇಲೆ ನೆನಪಾಯಿತು. ನಕ್ಕು ಮುಗಿಸಿ ಅವರು ಅಕ್ಕನ ಕೈ ಬಿಟ್ಟು ಮಗಳ ಕೈ ಹಿಡಿದು ಒಮ್ಮೆ ಅಲುಗಿಸಿದರು. "ಹೋಗ್ಲಿ," ಎಂದರು.

ಅವಳು ಸ್ವಲ್ಪ ಹೊತ್ತು ತಲೆ ಎತ್ತಲಿಲ್ಲ. ಒಂದೂವರೆ ವರ್ಷದಿಂದ ಈ ಮನುಷ್ಯ ಇಲ್ಲೇ, ತಮಾಷೆ ಮಾಡುವ ಸ್ಥಿತಿಯಲ್ಲಿ, ಮಲಗಿದ್ದರು. ಆಮೇಲೆ ಮೂಗೊರೆಸಿಕೊಂಡು ಕೇಳಿದಳು. "ಡಾಕ್ಟ್ರು ನಿಮ್ಮ ಬಲಗಾಲು ಪಾದದ ಹತ್ರ ತೆಗೀಬೇಕು ಅಂತಾರೆ. ಹಾಗೇ ಇರ್ಲಿ ಅಂದ್ರೆ ಈ ಕೈ. ತೆಗೆಸೋಣ ಅಂದ್ರೆ ಈ ಕೈ." ಅಪ್ಪ ತೆಗೆಸೋಣ ಎಂದ ಕೈಯನ್ನು ಹಿಡಿದರು. ಅವಳು ಕೈ ಅದಲುಬದಲು ಮಾಡಿ, ಪ್ರಶ್ನೆಯನ್ನೂ ತಿರುವಿ ಕೇಳಿದಳು. ಅಪ್ಪನ ಕೈ ತಡೆಯಿತು, ಒಂದು ಕ್ಷಣ ಗಾಳಿಯಲ್ಲಿ ನಿಂತಿತು, ಮತ್ತೆ ತೆಗೆಸೋಣ ಎಂದ ಕಡೆಗೇ ಬಂತು. "ನೋವಾಗುತ್ತಾ ಅಪ್ಪಾ?" ಎಂದು ಕೇಳಿದಾಗ ಅವರು ಕಣ್ಣು ಮುಚ್ಚಿ ಅವಳ ಬೆರಳುಗಳನ್ನು ಎಷ್ಟು ಬಿಗಿಯಾಗಿ ಹಿಚುಕಿದರೆಂದರೆ ಉಂಗುರ ಒತ್ತಿ ಅವಳಿಗೆ ಕೂಗುವ ಹಾಗಾಯಿತು. ಮೂರನೆಯ ಸಲ ಕೇಳಹೊರಟಾಗ ಅವರಿಗೆ ಸಿಟ್ಟು ಬಂತು. ಸಾಲು ತಪ್ಪಿ ನಿಂತ ಹುಡುಗನನ್ನು ನೋಡುವ ನೋಟ. ತಮ್ಮ ಕೈಯನ್ನು ಎತ್ತಿ ನೇರ ಬ್ಯಾಂಡೇಜಿನ ಕಡೆಗೆ ತೋರಿಸಿ, ನೊಣ ಓಡಿಸುವ ಹಾಗೆ ಬೀಸಿ, "ಹೋಗ್ಲಿ!" ಎಂದರು.

"ಏನೇ ಮಾಡ್ತಿದೀಯ?"

ಅಮ್ಮ ಬಾಗಿಲಲ್ಲಿದ್ದಳು. ಔಷಧಿಯ ಚೀಲ ಇನ್ನೂ ಕೈಯಲ್ಲಿತ್ತು. ಎಷ್ಟು ಹೊತ್ತಿನಿಂದ ನಿಂತಿದ್ದಳೋ.

"ಅಪ್ಪನ್ನ ಕೇಳ್ತಿದ್ದೆ."

"ನಾನು ಕೇಳಿ ಆಗಿದೆಯಲ್ಲ."

"ಏನಂತ ಕೇಳಿದೆ ಅಮ್ಮಾ?"

"ಇನ್ನೇನಂತ ಕೇಳ್ತಾರೆ? ಕಾಲು ತೆಗೀಬೇಕಂತೆ ಕಣ್ರೀ, ಏನ್ ಮಾಡೋಣ ಅಂದೆ. ಹೋಗ್ಲಿ ಅಂದ್ರು. ಹೋಗ್ಲಿ ಬಿಡು, ಯಾಕೆ ಆ ಉಸಾಬರಿ ಅಂತ. ಅವರ ಮಾತು ನನಗೆ ಗೊತ್ತಾಗಲ್ವಾ?"

"ಕಾಲು ಹೋಗ್ಲಿ ಅಂತಾನೂ ಆಗುತ್ತಲ್ಲಮ್ಮ."

ಅಮ್ಮ ಒಳಗೆ ಬಂದು ಚೀಲವನ್ನು ಮೇಜಿನ ಮೇಲಿಟ್ಟು, ಮಾತ್ರೆಯ ಪಟ್ಟಿಗಳನ್ನು ಒಂದೊಂದಾಗಿ ತೆಗೆದು ಡಬ್ಬಿಗೆ ಹಾಕತೊಡಗಿದಳು. ಹಾಕಿದ್ದನ್ನೇ ಮತ್ತೆ ತೆಗೆದು ಹಾಕಿದಳು. "ಆಗುತ್ತೆ," ಎಂದಳು ಕೊನೆಗೆ, ಅವಳ ಕಡೆ ನೋಡದೆ. "ಎಲ್ಲಾನೂ ಆಗುತ್ತೆ. ನೀರು ಅಂತ ತಂದ್ರೆ ತಲೆ ಆ ಕಡೆ ತಿರುಗಿಸ್ತಾರೆ. ಸರಿ, ನೀರಲ್ಲ, ದಿಂಬು ಇರ್ಬೇಕು ಅಂದ್ಕೋತೀನಿ. ಹೊರಗೆ ಬಂದು ದಿಂಬು ಬೇಕಂತೆ ಅಂತೀನಿ. ಮೊದಲಿನ ಹಾಗಿದ್ದಿದ್ರೆ ಏನಂತಿದ್ರೋ ಅದನ್ನ ಹೇಳ್ತಾ ಬಂದೆ. ಅವರು ಯಾವತ್ತಾದ್ರೂ ಆಪರೇಷನ್ನಿಗೆ ಹೂಂ ಅನ್ನೋರಾ ನೀನೇ ಹೇಳು. ಹಲ್ಲು ಕೀಳಿಸೋಕೆ ಒಂದು ವರ್ಷ ಮಾಡಿದವರು."

"ಗೊತ್ತಾಗ್ತಿಲ್ಲ ಅಂತ ನನಗೆ ಹೇಳಬಾರದಿತ್ತಾ?"

ಅಮ್ಮ ಈಗ ತಿರುಗಿದಳು. "ಹೇಳಿದ್ರೆ? ನೀನು ಬಂದು ಕೂತು ಕೇಳ್ತಿದ್ಯಾ?"

ಮಗಳ ಬಾಯಿಗೆ ಬಂದದ್ದು ಹೂಂ ಎನ್ನುವುದು, ಅದನ್ನು ನುಂಗಿಕೊಂಡಳು. ಈ ಮನೆಯಲ್ಲಿ ಅಮ್ಮನಿಗೆ ತನ್ನದೆಂದು ಉಳಿದಿದ್ದ ಒಂದೇ ಹೆಚ್ಚುಗಾರಿಕೆ ಎಂದರೆ ಗಂಡನ ಮಾತು ತನಗೆ ತಿಳಿಯುತ್ತದೆ ಎನ್ನುವುದು. ಅದನ್ನು ಮಗಳು ಆಫೀಸಿನಿಂದ ಅರ್ಧ ದಿನ ಮುಂಚೆ ಬಂದು, ಎರಡು ಕೈ ಚಾಚಿ, ತೆಗೆದುಹಾಕಿದ್ದಳು. ಅದು ಕಾಣುತ್ತಿತ್ತು. ಕಂಡರೂ ಅವಳಿಗೆ ಎದ್ದುಹೋಗಿ ಅಮ್ಮನ ಹೆಗಲು ಮುಟ್ಟಬೇಕು ಅನಿಸಲಿಲ್ಲ. ಸ್ವಲ್ಪ ಗೆದ್ದ ಹಾಗೆಯೂ ಅನಿಸಿತು, ಅದನ್ನು ಗಮನಿಸಿ ಪಕ್ಕಕ್ಕಿಟ್ಟಳು. ಇಬ್ಬರ ನಡುವೆ ಮಲಗಿದ್ದ ಅಪ್ಪ, ಕೇಳಿಸಿಕೊಂಡವರು, "ಹೋಗ್ಲಿ," ಎಂದರು. ಅದೇನೆಂದು ಯಾರೂ ಬಿಡಿಸಿ ಹೇಳಲಿಲ್ಲ.

ಡಾಕ್ಟರಿಗೆ ಅಲ್ಲಿಂದಲೇ ಫೋನು ಮಾಡಿದಳು. "ನಿನ್ನೆ ಬೇಡ ಅಂದಿದ್ರಲ್ಲಮ್ಮ?" ಎಂದರು. "ನಿನ್ನೆ ನಾನು ಅವರನ್ನ ಕೇಳಿರಲಿಲ್ಲ ಡಾಕ್ಟ್ರೇ. ಇವತ್ತು ಕೇಳಿದೆ. ತೆಗೀರಿ ಅಂತಿದಾರೆ. ನೀವೂ ಒಂದು ಸಲ ಕೇಳಿ, ಹೇಗೆ ಅಂತ ತೋರಿಸ್ತೀನಿ." ಸಂಜೆಯ ಹೊತ್ತಿಗೆ ಆಂಬುಲೆನ್ಸಿನಲ್ಲಿ ಕರೆದುಕೊಂಡು ಹೋದರು. ಡಾಕ್ಟರು ಹಾಸಿಗೆಯ ಅಂಚಿನಲ್ಲಿ ಕೂತು, ತಮ್ಮ ಎರಡು ಕೈಗಳನ್ನು ಚಾಚಿ, ಪರೀಕ್ಷೆಗೆ ಕೂತ ಹುಡುಗನ ಹಾಗೆ ಗಂಭೀರವಾಗಿ ಕೇಳಿದರು. ಅಪ್ಪ ಅಷ್ಟೇ ಗಂಭೀರವಾಗಿ ಹಿಡಿದರು. ಅದೇ ರಾತ್ರಿ ಆಪರೇಷನ್ ಮುಗಿದ ಮೇಲೆ ಡಾಕ್ಟರು ಅವಳನ್ನು ಹೊರಗೆ ಕರೆದು, ಮೊಣಕಾಲಿನ ಕೆಳಗಿನವರೆಗೆ ತೆಗೆಯಬೇಕಾಯಿತು ಎಂದರು. "ಅರ್ಧ ಪಾದ ಅಂದಿದ್ರಿ," ಎಂದಳು. "ಆವತ್ತು ಅಂದಿದ್ದೆ. ನಿನ್ನೆ ಬಂದಿದ್ರೂ ಉಳೀತಿತ್ತೋ ಏನೋ, ಈಗ ಹೇಳೋಕಾಗಲ್ಲ." ಅವರು ಬೈಯುವ ದನಿಯಲ್ಲಿ ಹೇಳಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು ಎಂದು ಅವಳು ಯೋಚಿಸಿದಳು. ಆ ಯೋಚನೆಯೂ ತನ್ನ ಅನುಕೂಲಕ್ಕೇ ಎಂದು ತಿಳಿದು ಅದನ್ನೂ ನಿಲ್ಲಿಸಿದಳು. ನಿನ್ನೆಯಿಂದ ಇವತ್ತಿನವರೆಗಿನ ಅಂತರ ಒಂದು ಕಾಲಿನ ಮೇಲೆ ಎಷ್ಟು ಉದ್ದಕ್ಕೆ ಬರುತ್ತದೆ ಎಂದು ಅವಳಿಗೆ ಈಗ ಗೊತ್ತಿತ್ತು, ಅದರ ಬಗ್ಗೆ ಯಾರ ಹತ್ತಿರವೂ ಹೇಳುವಂಥದ್ದೇನೂ ಇರಲಿಲ್ಲ.

ಎರಡು ದಿನದ ಮೇಲೆ ಆಸ್ಪತ್ರೆಯ ಮೆಟ್ಟಿಲಲ್ಲಿ ಕೂತು ಇಸ್ತ್ರಿಗೆ ಫೋನು ಮಾಡಿದಳು. ಆವತ್ತು ತಾನು ಹೂಂ ಅಂದದ್ದು ತಪ್ಪು, ಗಂಟೆ ಸರಿಯಿಲ್ಲ, ಗಿರಾಕಿಗೆ ತಿಳಿಸಬೇಕು ಎಂದಳು. "ನೀವು ರಜೆಯಲ್ಲಿದೀರಿ, ಅಪ್ಪನ್ನ ನೋಡ್ಕೊಳ್ಳಿ, ಇದನ್ನ ಆಮೇಲೆ ನೋಡೋಣ," ಎಂದ ಅವನು, ನಿಜವಾದ ಕಳಕಳಿಯಿಂದ. ಅವಳು ರಕ್ತನಿಧಿಗೇ ಮಾಡಿದಳು. ಮೇಲ್ವಿಚಾರಕಿಗೆ ಮೊದಲು ಯಾರು ಮಾತಾಡುತ್ತಿರುವುದೆಂದೇ ತಿಳಿಯಲಿಲ್ಲ. "ಮೊನ್ನೆ ಎಲ್ಲ ಸರಿಯಿದೆ ಅಂದಿದ್ರಲ್ಲ ನೀವೇ?"

"ಅಂದಿದ್ದೆ. ಸರಿಯಿಲ್ಲ. ಹಸಿರು ಚುಕ್ಕೆ ನೋಡಿ ನಂಬಬೇಡಿ. ಹೊಸ ಕಪಾಟುಗಳಲ್ಲಿ ಗಂಟೆ ಹೊಡೆಯೋದಿಲ್ಲ. ಸರಿಮಾಡೋವರೆಗೆ ಯಾರಾದ್ರೂ ಹೋಗಿ ಶಾಖ ನೋಡ್ತಿರಬೇಕು."

"ಇದನ್ನ ನಾನು ಮೇಲಿನವರಿಗೆ ಹೇಗ್ರೀ ಹೇಳ್ಲಿ? ಬಾಯಿಮಾತಲ್ಲಿ ಆಗಲ್ಲ, ಬರೆದು ಕಳಿಸಿ."

ಅಲ್ಲೇ ಕೂತು ಫೋನಿನಲ್ಲಿ ಬರೆದು ಕಳಿಸಿದಳು, ಇಸ್ತ್ರಿಗೂ ಒಂದು ಪ್ರತಿ. ರಕ್ತ ಕೆಡಲಿಲ್ಲ, ಯಾರೂ ಸಾಯಲಿಲ್ಲ, ಹಾಗೆ ಆಗದೇ ಇದ್ದದ್ದಕ್ಕೆ ಯಾರೂ ಯಾರಿಗೂ ಕೃತಜ್ಞರಾಗಲಿಲ್ಲ. ಅವಳು ಕೆಲಸಕ್ಕೆ ವಾಪಸಾದಾಗ ಅವಳ ಹೆಸರು ಬೇರೆ ತಂಡದ ಪಟ್ಟಿಯಲ್ಲಿತ್ತು, ಮುದ್ರಣಯಂತ್ರಗಳ ತಂಡ. ಹಳೆಯ ಸಾಲನ್ನು ಅಳಿಸಿ ಹೊಸ ಸಾಲು ಸೇರಿಸಲಾಗಿತ್ತು, ಅವಳು ಬರೆದದ್ದೇ, ಒಂದು ಅಲ್ಪವಿರಾಮವೂ ಬದಲಾಗದೆ. ಬರೆದವರ ಹೆಸರಿನ ಜಾಗದಲ್ಲಿ ಇಸ್ತ್ರಿಯ ಹೆಸರಿತ್ತು. ಕಾರಿಡಾರಿನಲ್ಲಿ ಸಿಕ್ಕಾಗ ಅವನು ಅಪ್ಪ ಹೇಗಿದ್ದಾರೆ ಎಂದು ಕೇಳಿದ. ಚೆನ್ನಾಗಿದ್ದಾರೆ ಎಂದಳು.

ಚೆನ್ನಾಗಿಯೇ ಇದ್ದರು. ಜ್ವರ ಇಳಿದಿತ್ತು, ಊಟ ಸೇರುತ್ತಿತ್ತು. ಆದರೆ ಅಮ್ಮ ಆಪರೇಷನ್ ಆದಾಗಿನಿಂದ ಅಪ್ಪನ ಜೊತೆ ಮಾತಾಡಿರಲಿಲ್ಲ. ಸಿಟ್ಟಲ್ಲ. ಮೈ ಒರೆಸುತ್ತಿದ್ದಳು, ಬಟ್ಟೆ ಬದಲಿಸುತ್ತಿದ್ದಳು, ಚಮಚದಲ್ಲಿ ತಿನ್ನಿಸುತ್ತಿದ್ದಳು, ಎಲ್ಲ ತುಟಿ ಬಿಗಿದುಕೊಂಡು. ಅಪ್ಪ ಹೋಗ್ಲಿ ಎಂದರೆ ತಲೆ ಎತ್ತಿ ಮಗಳನ್ನು ನೋಡುತ್ತಿದ್ದಳು. ವಾರ್ಡಿನ ಪಕ್ಕದ ಹಾಸಿಗೆಯವರು, "ಏನು ಬೇಕಂತೆ ಅವರಿಗೆ?" ಎಂದು ಕೇಳಿದರೆ, "ಮಗಳನ್ನ ಕೇಳಿ, ಅವಳಿಗೆ ಗೊತ್ತಾಗುತ್ತೆ," ಎನ್ನುತ್ತಿದ್ದಳು. ಅವಳು ಸಂಜೆ ಆಫೀಸಿನಿಂದ ಬರುವವರೆಗೆ ಅಪ್ಪ ಏನು ಕೇಳಿದರೋ, ಏನು ಸಿಗಲಿಲ್ಲವೋ. ಬಂದ ಕೂಡಲೆ ಅಮ್ಮ ಸಾಲಾಗಿ ಒಪ್ಪಿಸುತ್ತಿದ್ದಳು: "ಕೇಳು, ಲೈಟು ಆರಿಸಬೇಕಾ ಅಂತ. ಕೇಳು, ಆ ಕಡೆ ಮಗ್ಗಲು ತಿರುಗ್ತಾರಾ ಅಂತ." ಅವಳು ಕೈ ಚಾಚಿ ಕೇಳುತ್ತಿದ್ದಳು, ಉತ್ತರವನ್ನು ಅಮ್ಮನಿಗೆ ಹೇಳುತ್ತಿದ್ದಳು. ಅಪ್ಪ ಅವಳ ಕೈ ಹಿಡಿದುಕೊಂಡು ಅಮ್ಮನ ಕಡೆ ನೋಡುತ್ತಿದ್ದರು. ಮೊದಲೆರಡು ದಿನ ಅವಳಿಗೆ ಇದು ಕಾಣಲಿಲ್ಲ.

ಮೂರನೆಯ ಸಂಜೆ ಅಮ್ಮ, "ಕೇಳು, ದಿಂಬು ಎತ್ತರ ಮಾಡ್ಲಾ ಅಂತ," ಎಂದಾಗ ಅವಳು ಕುರ್ಚಿಯಿಂದ ಎದ್ದಳು. "ನೀನೇ ಕೇಳಮ್ಮ."

"ನನಗೆ ಅದೆಲ್ಲ ಬರಲ್ಲ ಕಣೆ. ನಾನು ಮತ್ತೆ ತಪ್ಪು ಹೇಳ್ತೀನಿ."

"ತಪ್ಪಾದ್ರೆ ಅವರೇ ಹೇಳ್ತಾರೆ. ನಾನು ಕೆಳಗೆ ಹೋಗಿ ಔಷಧಿ ತರ್ತೀನಿ."

"ಇರೇ, ಇದೊಂದು ಕೇಳಿ ಹೋಗು."

ಅವಳು ಕೇಳದೆ ಹೊರಗೆ ಬಂದು ಬಾಗಿಲು ಮುಂದೆ ಎಳೆದುಕೊಂಡಳು. ಪೂರ್ತಿ ಮುಚ್ಚಿಕೊಳ್ಳಲಿಲ್ಲ. ಕಾರಿಡಾರಿನಲ್ಲಿ ಒಬ್ಬ ನರ್ಸು ಗಾಡಿ ತಳ್ಳಿಕೊಂಡು ಹೋದಳು, ಅದರ ಒಂದು ಚಕ್ರ ಕಿರುಗುಟ್ಟುತ್ತಿತ್ತು. ಒಳಗಿನಿಂದ ಏನೂ ಕೇಳಿಸಲಿಲ್ಲ. ಅಮ್ಮ ಅಳುತ್ತಿದ್ದಾಳೇನೋ ಎಂದು ಅನಿಸಿ ಬಾಗಿಲಿಗೆ ಕೈ ಹಾಕಿದಳು, ಹಾಕಿದ ಕೈಯನ್ನು ವಾಪಸು ತೆಗೆದುಕೊಂಡಳು. ಆಮೇಲೆ ಕುರ್ಚಿ ಎಳೆದ ಸದ್ದಾಯಿತು. ಆಮೇಲೆ ಅಮ್ಮನ ದನಿ, ಗೊತ್ತಿಲ್ಲದವರ ಮನೆಯ ಬಾಗಿಲಲ್ಲಿ ನಿಂತವಳ ದನಿಯಲ್ಲಿ, "ರೀ," ಎಂದಿತು.

"ರೀ, ಎತ್ತರ ಬೇಕಂದ್ರೆ ಈ ಕೈ." ನಡುವೆ ಬಿಟ್ಟು, "ಬೇಡ ಅಂದ್ರೆ ಇದು."

ಉತ್ತರಕ್ಕೆ ಅವಳು ಕಾಯಲಿಲ್ಲ, ಮೆಟ್ಟಿಲಿನ ಕಡೆ ಹೊರಟಳು. ಎರಡು ಹೆಜ್ಜೆ ಇಟ್ಟಿರಬಹುದು, ಹಿಂದಿನಿಂದ ಅಮ್ಮ ರೇಗುವುದು ಕೇಳಿಸಿತು: "ಸರಿ, ಗೊತ್ತಾಯ್ತು, ಬಿಡಿ ಈಗ. ಬಿಡಿ ಅಂದ್ರೆ. ಹೀಗೆ ನನ್ನ ಎರಡೂ ಕೈ ಒಟ್ಟಿಗೆ ಹಿಡ್ಕೊಂಡು ಕೂತ್ರೆ ನಾನು ದಿಂಬು ಎತ್ತೋದು ಹೇಗ್ರೀ?"